ಹದಿಮೂರು ರೂಪಾಯಿಯ ನೆನಪು, ಮೂವತ್ತೈದು ಲಕ್ಷದ ಮರೆವು

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ವೈಟ್‌ಫೀಲ್ಡ್‌ನಲ್ಲಿ ನಡೆದ ಪಾರಂಪರಿಕ ನಡಿಗೆಯೊಂದಕ್ಕೆ ಹೋಗಿದ್ದೆ. ಹೋಪ್‌ಫಾರ್ಮ್ ಸಿಗ್ನಲ್ ಹತ್ತಿರದ ಪಿಜಿಯಲ್ಲಿ ಮೂರು ವರ್ಷದಿಂದ ಇದ್ದರೂ ಹಳೆಯ ಇನ್ನರ್ ಸರ್ಕಲ್ ಅನ್ನು ಸರಿಯಾಗಿ ನೋಡಿರಲಿಲ್ಲ. ನಾವು ಇಪ್ಪತ್ತು ಜನರಿದ್ದೆವು, ಹೆಚ್ಚಿನವರು ಸಾಫ್ಟ್‌ವೇರ್ ಕಂಪನಿಗಳವರು. ನಡೆಸಿಕೊಡುತ್ತಿದ್ದ ಹುಡುಗ ಒಳ್ಳೆಯ ಮಾತುಗಾರ. ಹಳೆಯ ವೇವರ್ಲಿ ಇನ್‌ನ ಕಥೆ ಬಂತು. ದಂಡಿನಲ್ಲಿದ್ದ ಯುವ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ಇಲ್ಲಿಗೆ ಬರುತ್ತಿದ್ದನಂತೆ, ಮಾಲೀಕರ ಮಗಳ ಮೇಲೆ ಮನಸ್ಸಿಟ್ಟಿದ್ದನಂತೆ. ಇದಕ್ಕೆ ಆಧಾರವೇನು ಎಂದು ಕೇಳಿದೆ. "ಎಲ್ಲರೂ ಹೇಳ್ತಾರೆ" ಎಂದು ನಕ್ಕ. ಆಮೇಲೆ, ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದವರೆಲ್ಲ ಕೇಳಿರುವ ಆ ಇನ್ನೊಂದು ಕಥೆ: ಚರ್ಚಿಲ್ ಇಲ್ಲಿನ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಕೊಂಡು ಹೋದದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಿಜಿಗೆ ಬಂದು ಕೂತ ಮೇಲೆ ಆ ನಗುವಿಗೆ ನಾಚಿಕೆಯಾಯಿತು.

ಆ ಬಾಕಿ ಸುಳ್ಳಲ್ಲ. ಇಂದಿನ ಬೆಂಗಳೂರು ಕ್ಲಬ್, ಅಂದಿನ ಯುನೈಟೆಡ್ ಸರ್ವೀಸ್ ಕ್ಲಬ್. ಅದರ 1899ರ ದಾಖಲೆಯಲ್ಲಿ ವಸೂಲಾಗದ ಬಾಕಿಗಳ ಪಟ್ಟಿಯೊಂದಿದೆ, ಅದರಲ್ಲಿ ನಾಲ್ಕನೇ ಹುಸಾರ್ಸ್ ದಳದ ಲೆಫ್ಟಿನೆಂಟ್ ಚರ್ಚಿಲ್‌ನ ಹೆಸರಿನ ಮುಂದೆ 13 ರೂಪಾಯಿ ಇದೆ. ಪತ್ರಿಕೆಗಳು ಬರೆದಿವೆ, ಪ್ರವಾಸಿಗಳು ಕೇಳಿ ನೋಡುತ್ತಾರೆ. ನನ್ನ ತಕರಾರು ಆ ಪಟ್ಟಿಯ ಬಗ್ಗೆ ಅಲ್ಲ. ಅದೇ ವರ್ಷಗಳ ಇನ್ನೊಂದು ಲೆಕ್ಕ ಇದೆ, ಅದನ್ನು ಯಾವ ನಡಿಗೆಯಲ್ಲೂ ಯಾರೂ ಹೇಳುವುದಿಲ್ಲ ಎಂಬುದರ ಬಗ್ಗೆ.

ಆ ಲೆಕ್ಕ ಹೀಗಿದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿ ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಒಪ್ಪಂದ ಮಾಡಿಕೊಂಡಿತು. ಮೈಸೂರನ್ನು ಕಾಯಲು ಕಂಪನಿಯ ಸೈನ್ಯ ಇಲ್ಲಿರುತ್ತದೆ, ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಕೊಡಬೇಕು. ಹಣ ಸಂದಾಯವಾಗದ ಅನುಮಾನ ಬಂದರೆ ರಾಜ್ಯವನ್ನೇ ಕಂಪನಿ ಕೈಗೆ ತೆಗೆದುಕೊಳ್ಳಬಹುದು. ಈ ಕಲಮು ಬರಿಯ ಬೆದರಿಕೆಯಾಗಿ ಉಳಿಯಲಿಲ್ಲ. 1831ರಲ್ಲಿ ನಗರದ ರೈತರ ದಂಗೆಯ ನೆಪದಲ್ಲಿ ಇದನ್ನೇ ಹಿಡಿದು ರಾಜ್ಯವನ್ನು ಕಿತ್ತುಕೊಂಡರು. ಐವತ್ತು ವರ್ಷ ಕಮಿಷನರುಗಳು ಆಳಿದರು. 1881ರಲ್ಲಿ ರಾಜ್ಯವನ್ನು ಹಿಂದಿರುಗಿಸುವಾಗ ಎರಡು ಷರತ್ತು ಬಂದವು. ಬೆಂಗಳೂರಿನ ದಂಡು ಪ್ರದೇಶ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲೇ ಉಳಿಯಬೇಕು. ವಾರ್ಷಿಕ ಹಣ 35 ಲಕ್ಷಕ್ಕೆ ಏರಬೇಕು. ಆದರೆ 1876-78ರ ಬರದಲ್ಲಿ ಮೈಸೂರಿನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ಅಳಿದಿತ್ತು, ಬೊಕ್ಕಸ ಸಾಲದಲ್ಲಿತ್ತು. ಆದ್ದರಿಂದ ಹೆಚ್ಚುವರಿ 10.5 ಲಕ್ಷವನ್ನು ಮುಂದೂಡುತ್ತ ಬಂದರು. ಎಲ್ಲಿಯ ತನಕ? 1896ರ ತನಕ.

ಚರ್ಚಿಲ್ ಬೆಂಗಳೂರಿಗೆ ಬಂದದ್ದೂ 1896ರಲ್ಲೇ.

ಅವನು ತನ್ನ ಆತ್ಮಕಥೆಯಲ್ಲಿ ಇಲ್ಲಿನ ದಿನಗಳನ್ನು ಸೊಗಸಾಗಿ ಬರೆದಿದ್ದಾನೆ. ಬಂಗಲೆ, ಗುಲಾಬಿ ಗಿಡ, ಚಿಟ್ಟೆ ಸಂಗ್ರಹ, ಪೋಲೊ ಆಟ, ಮಧ್ಯಾಹ್ನದ ಬಿಸಿಲಲ್ಲಿ ಗಿಬ್ಬನ್‌ನ ಓದು, ಎಲ್ಲದಕ್ಕೂ ಆಳುಗಳು. ಅವನು ಗಿಬ್ಬನ್ ಓದುತ್ತಿದ್ದ ಆ ವರ್ಷಗಳಲ್ಲಿ ಮೈಸೂರಿನ ಮಹಾರಾಜರು ತೀರಿಕೊಂಡು, ಮಗ ಚಿಕ್ಕವನಾಗಿದ್ದರಿಂದ ರಾಣಿ ವಾಣಿವಿಲಾಸ ಸನ್ನಿಧಾನ ರೀಜೆಂಟ್ ಆಗಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇದೆಲ್ಲದರ ನಡುವೆ ವರ್ಷಕ್ಕೆ 35 ಲಕ್ಷ ಹೋಗುತ್ತಿತ್ತು. ಲೆಕ್ಕ ಹಾಕಿ ನೋಡಿದೆ: ಒಂದು ವರ್ಷದ ಆ ಹಣದಲ್ಲಿ ಚರ್ಚಿಲ್‌ನ ಬಾಕಿಯಂಥ 2,69,000ಕ್ಕೂ ಹೆಚ್ಚು ಬಾಕಿಗಳನ್ನು ತೀರಿಸಬಹುದಿತ್ತು. ಅಷ್ಟೂ ಹಣ ಬೆಂಗಳೂರಿನ ಬ್ಯಾರಕ್ಕುಗಳಿಗೇ ಖರ್ಚಾಯಿತೆಂದು ನಾನು ಹೇಳುತ್ತಿಲ್ಲ, ಅದು ಬ್ರಿಟಿಷ್ ಇಂಡಿಯಾದ ಖಜಾನೆಗೆ ಹೋಗುತ್ತಿತ್ತು. ಆದರೆ ಯಾವ ಸೈನ್ಯದ ಹೆಸರಿನಲ್ಲಿ ಆ ಹಣ ಹೋಯಿತೋ ಅದೇ ಸೈನ್ಯದ ಅಧಿಕಾರಿ ನಮಗೆ 13 ರೂಪಾಯಿ ಬಾಕಿ ಎಂದು ನಾವು ನಗುತ್ತಿದ್ದೇವೆ. ಯಾರು ಯಾರಿಗೆ ಎಷ್ಟು ಕೊಡಬೇಕಿತ್ತು ಎಂಬ ಪ್ರಶ್ನೆಯೇ ಆ ನಗುವಿನಲ್ಲಿ ಮುಳುಗಿಹೋಗಿದೆ.

ನನ್ನ ಮಾತು ಇಷ್ಟೇ. ಬೆಂಗಳೂರಿನ ದಂಡು ಒಂದು ವಿದೇಶಿ ಸೇನಾ ನೆಲೆ. ಲಂಡನ್ನಿನಿಂದ ನೋಡಿದರೆ ಸಮುದ್ರದಾಚೆಯ ನೆಲೆ, ಇಲ್ಲಿಂದ ನೋಡಿದರೆ ನಮ್ಮ ಮಣ್ಣಿನ ಮೇಲೆ ನಮ್ಮದೇ ಖರ್ಚಿನಲ್ಲಿ ಕೂತ ಬೇರೆಯವರ ಪಾಳೆಯ. ಅದನ್ನು ನಾವು ಆ ಹೆಸರಿನಿಂದ ಕರೆಯುವುದೇ ಇಲ್ಲ. 'ಕಂಟೋನ್ಮೆಂಟ್' ಎಂದೊಡನೆ ನಮಗೆ ಮಳೆಮರಗಳು, ಮಂಕಿ ಟಾಪ್ ಬಂಗಲೆಗಳು, ಬೇಕರಿಗಳು ಕಣ್ಣ ಮುಂದೆ ಬರುತ್ತವೆ. ಒಕಿನಾವಾ, ಗುವಾಂಟನಾಮೊ, ಡಿಯೆಗೊ ಗಾರ್ಸಿಯಾ ಎಂದಾಗ ಬರುವ ಪ್ರಶ್ನೆಗಳು ಒಂದೂ ಬರುವುದಿಲ್ಲ.

ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿತ್ತು. ನಮ್ಮದು ಮಾಲೂರು ಕಡೆ. ಅಜ್ಜಿ ಬೆಂಗಳೂರು ಎನ್ನುತ್ತಿದ್ದುದೇ ಕಡಿಮೆ, ಅವಳಿಗೆ ಅದು 'ದಂಡು'. ಈಗಲೂ ರೈಲು ನಿಲ್ದಾಣದ ಫಲಕದಲ್ಲಿ ಆ ಪದ ಉಳಿದಿದೆ. ಅಜ್ಜಿಯ ಅಮ್ಮನ ಕಾಲದಲ್ಲಿ ನಮ್ಮ ಹೊಲದ ಹುರುಳಿ ಗಾಡಿಯಲ್ಲಿ ದಂಡಿಗೆ ಹೋಗುತ್ತಿತ್ತಂತೆ, ಕುದುರೆಗಳಿಗೆ. "ದಂಡ್ನಾಗೆ ಕುದುರೆಗೆ ಮೊದ್ಲು, ಮನುಷ್ರಿಗೆ ಆಮೇಲೆ" ಎಂದು ಅಜ್ಜಿ ಹುರುಳಿ ಕಟ್ಟಿನ ಸಾರು ಬಡಿಸುತ್ತ ಹೇಳುತ್ತಿದ್ದಳು. ನಾವು ತಮಾಷೆ ಎಂದುಕೊಂಡಿದ್ದೆವು. ಸಂಶೋಧನೆಗೆ ಸೇರಿದ ಮೇಲೆ ಗೊತ್ತಾಯಿತು, ಅದು ಒಂದು ಸೇನಾ ನೆಲೆಯ ಅರ್ಥಶಾಸ್ತ್ರದ ಸಾರಾಂಶ ಎಂದು.

ಆ ನೆಲೆ ಇಲ್ಲಿಗೆ ಬಂದದ್ದು 1809ರಲ್ಲಿ. ಶ್ರೀರಂಗಪಟ್ಟಣದಲ್ಲಿ ಮಲೇರಿಯಾದಿಂದ ಸಾಯುತ್ತಿದ್ದ ಸೈನ್ಯವನ್ನು ಹಲಸೂರಿನ ಎತ್ತರದ, ತಂಪಾದ ನೆಲಕ್ಕೆ ತಂದರು. ಪಕ್ಕದಲ್ಲೇ ಕೆಂಪೇಗೌಡರ ಕಾಲದ ಪೇಟೆ ಇತ್ತು. ಅದನ್ನು ಬೆಳೆಸದೆ, ಅದಕ್ಕೆ ಬೆನ್ನು ಹಾಕಿ ಹೊಸ ಊರು ಕಟ್ಟಿದರು. 1864ರಲ್ಲಿ ಮದ್ರಾಸಿನ ಕಡೆಯಿಂದ ರೈಲು ಬಂದಾಗಲೂ ಅದು ಬಂದು ನಿಂತದ್ದು ದಂಡಿನಲ್ಲಿ, ಪೇಟೆಯಲ್ಲಲ್ಲ. ಇಲ್ಲಿಂದ ಹೊರಟ ಸೈನ್ಯ ಮೈಸೂರನ್ನು ಮಾತ್ರ ಕಾಯಲಿಲ್ಲ. 1834ರಿಂದ ಬೆಂಗಳೂರನ್ನೇ ಮನೆ ಮಾಡಿಕೊಂಡ ಮದ್ರಾಸ್ ಸ್ಯಾಪರ್ಸ್ ದಳ ಚೀನಾದ ಅಫೀಮು ಯುದ್ಧಕ್ಕೆ ಹೋಯಿತು, ಬರ್ಮಾಕ್ಕೆ ಹೋಯಿತು, ಅಬಿಸೀನಿಯಾಕ್ಕೆ ಹೋಯಿತು. 1912ರಲ್ಲಿ ಅದೇ ದಳದ ಅಧಿಕಾರಿಯೊಬ್ಬ ಮುಳ್ಳುತಂತಿಯ ಬೇಲಿ ಸ್ಫೋಟಿಸಲು ಕೊಳವೆಯಾಕಾರದ ಸಾಧನವೊಂದನ್ನು ರೂಪಿಸಿದ. ಜಗತ್ತಿನ ಸೇನೆಗಳೆಲ್ಲ ಅದನ್ನು 'ಬೆಂಗಳೂರು ಟಾರ್ಪಿಡೊ' ಎಂದೇ ಕರೆಯುತ್ತವೆ. ಐಟಿಗಿಂತ ಎಷ್ಟೋ ಮೊದಲು ನಮ್ಮ ಊರಿನ ಹೆಸರು ಜಗತ್ತಿನ ಬಾಯಲ್ಲಿ ಓಡಾಡಿದ್ದು ಒಂದು ಸ್ಫೋಟಕವಾಗಿ.

ಹಳಹಳಿಕೆಯ ಗುಂಪು ಇಲ್ಲಿ ಒಂದು ಮಾತು ಹೇಳುತ್ತದೆ: "ಆದರೂ ಅವರು ಎಷ್ಟೊಂದು ಕೊಟ್ಟು ಹೋದರು! ರಸ್ತೆ, ಉದ್ಯಾನ, ಇಂಗ್ಲಿಷು, ಈ ಐಟಿ." ಕೊಟ್ಟು ಹೋದರು ಎನ್ನುವ ಮೊದಲು ಯಾರ ಹಣ ಎಂದು ಕೇಳಬೇಕಲ್ಲ? ಆ ಚಂದದ ಬೀದಿಗಳಲ್ಲಿ ಇನ್ನೇನಿತ್ತು ಎಂದೂ ಕೇಳಬೇಕು. 1832ರಲ್ಲಿ ದಂಡಿನೊಳಗಿನ ಸಿಪಾಯಿಗಳೇ ದಂಗೆಯ ಸಂಚು ಹೂಡಿ ಸಿಕ್ಕಿಬಿದ್ದರು, ಮರಣದಂಡನೆಗೆ ಗುರಿಯಾದರು. 1857ಕ್ಕಿಂತ ಕಾಲು ಶತಮಾನ ಮೊದಲು. ಅವರಿಗೊಂದು ಕಲ್ಲಿಲ್ಲ. ಬೆಂಗಳೂರಿನಲ್ಲಿ ಲಾಕ್ ಆಸ್ಪತ್ರೆ ಇತ್ತು. ಸೈನಿಕರಿಗೆ ಗುಹ್ಯರೋಗ ತಗಲಬಾರದೆಂದು ಬಡ ಹೆಂಗಸರನ್ನು ನೋಂದಾಯಿಸಿ, ತಪಾಸಣೆಗೆ ಎಳೆದು, ರೋಗವಿದ್ದರೆ ಕೂಡಿಹಾಕುತ್ತಿದ್ದ ಜಾಗ ಅದು. ಸೈನಿಕರಿಗೆ ಈ ಕಟ್ಟುಪಾಡಿರಲಿಲ್ಲ. ಸೇನಾ ನೆಲೆ ಇರುವ ಕಡೆಯಲ್ಲೆಲ್ಲ, ಒಕಿನಾವಾ ಇರಲಿ ಫಿಲಿಪೀನ್ಸ್‌ನ ಸುಬಿಕ್ ಇರಲಿ, ಹೆಂಗಸರ ಕಥೆ ಬೇರೆಯೇ ಇರುತ್ತದೆ. ನಮ್ಮ ಕಂಟೋನ್ಮೆಂಟ್ ನೆನಪಿನಲ್ಲಿ ಆ ಹೆಂಗಸರು ಎಲ್ಲಿಯೂ ಇಲ್ಲ. ಚರ್ಚಿಲ್ ಪ್ರೀತಿಸಿದನೆನ್ನುವ ಹುಡುಗಿಗೆ ಮಾತ್ರ ಜಾಗ ಇದೆ.

ಹಾಗೆಂದು ಎದುರಿನ ಗುಂಪಿಗೆ ಜೈ ಎನ್ನಲು ನಾನು ತಯಾರಿಲ್ಲ. ನನ್ನ ಗೆಳೆಯರಲ್ಲೇ ಹಲವರು ಹೇಳುತ್ತಾರೆ, ಎಲ್ಲ ಕೆಡವಬೇಕು, ಎಲ್ಲ ಹೆಸರು ಬದಲಾಯಿಸಬೇಕು ಎಂದು. ಅದನ್ನು ಒಮ್ಮೆ ಮಾಡಿ ನೋಡಿದ್ದೇವೆ. ನಗರಪಾಲಿಕೆ ಕಚೇರಿಯ ಎದುರು, ಹಡ್ಸನ್ ವೃತ್ತದ ಬಳಿ ಒಂದು ಸ್ಮಾರಕ ಗೋಪುರವಿತ್ತು. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಹಿಡಿದಾಗ ಬ್ರಿಟಿಷರ ಕಡೆ ಸತ್ತವರಿಗಾಗಿ ಕಟ್ಟಿದ್ದು. ಅದಕ್ಕೆ ಹೋಗುವ ರಸ್ತೆಗೆ ಸೆನೊಟಾಫ್ ರಸ್ತೆ ಎಂದೇ ಹೆಸರಿತ್ತು, ಇಂದು ಅದು ನೃಪತುಂಗ ರಸ್ತೆ. 1964ರಲ್ಲಿ ಕನ್ನಡ ಹೋರಾಟಗಾರರ ಒತ್ತಾಯದ ಮೇಲೆ ಗೋಪುರವನ್ನು ಕೆಡವಲಾಯಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಊರನ್ನು ಗೆದ್ದವರ ಸ್ಮಾರಕ ಸ್ವಾತಂತ್ರ್ಯ ಬಂದು ಹದಿನೇಳು ವರ್ಷವಾದರೂ ಊರಿನ ನಡುವೆ ನಿಂತಿತ್ತು.

ಆದರೆ ಕೆಡವಿ ನಾವು ಪಡೆದದ್ದೇನು? ಆ ದಿನ ಕೋಟೆಯನ್ನು ಕಾಯುತ್ತ ಸತ್ತ ಕಿಲ್ಲೇದಾರ ಬಹಾದುರ್ ಖಾನನ ಹೆಸರು ಇಂದು ಎಷ್ಟು ಬೆಂಗಳೂರಿಗರಿಗೆ ಗೊತ್ತು? ಅವನ ಜೊತೆ ಸತ್ತವರಿಗೆ ಆ ಜಾಗದಲ್ಲಿ ಒಂದು ಕಲ್ಲನ್ನಾದರೂ ನೆಟ್ಟಿದ್ದರೆ 1964ರ ಕೆಲಸ ಪೂರ್ತಿಯಾಗುತ್ತಿತ್ತು. ನೆಡಲಿಲ್ಲ. ಗೆದ್ದವರ ನೆನಪನ್ನು ತೆಗೆದೆವು, ಸೋತವರ ನೆನಪನ್ನು ತರಲಿಲ್ಲ. ಇದು ನಮ್ಮದೇ ಪರಂಪರೆಗೂ ಒಪ್ಪುವ ಕೆಲಸವಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಬೇಗೂರಿದೆ. ಅಲ್ಲಿನ ದೇವಸ್ಥಾನದಲ್ಲಿ ಸುಮಾರು 890ರ ಶಾಸನವೊಂದಿದೆ, 'ಬೆಂಗಳೂರು' ಎಂಬ ಹೆಸರು ಕಾಣುವ ಅತಿ ಹಳೆಯ ದಾಖಲೆ. ಅದು ಹೇಳುವುದು ಬೆಂಗಳೂರು ಕಾಳಗದಲ್ಲಿ ಸತ್ತ ಒಬ್ಬ ಸೇವಕನ ಬಗ್ಗೆ. ಸಾವಿರದ ನೂರು ವರ್ಷದ ಹಿಂದೆ ಒಬ್ಬ ಸೇವಕನ ಸಾವನ್ನು ಹೆಸರು ಹಿಡಿದು ಕಲ್ಲಿಗೆ ಬರೆದ ನಾಡು ಇದು. ನಮಗೆ ಈಗ ಬರೆಯುವುದು ಮರೆತುಹೋಗಿ ಒಡೆಯುವುದಷ್ಟೇ ನೆನಪಿದೆಯೇ?

ಕೆಡವುವ ರಾಜಕಾರಣದ ಜೊತೆ ಇನ್ನೊಂದು ವಿಷ ಬರುತ್ತದೆ. "ದಂಡಿನಿಂದಲೇ ಬೆಂಗಳೂರು ತಮಿಳರದಾಯಿತು" ಎಂಬ ಮಾತು. ಸೈನ್ಯದ ಜೊತೆ ಮದ್ರಾಸ್ ಕಡೆಯಿಂದ ಸಿಪಾಯಿಗಳು, ಗುತ್ತಿಗೆದಾರರು, ಅಡುಗೆಯವರು, ಜಾಡಮಾಲಿಗಳು, ಕುದುರೆ ಲಾಯದವರು ಬಂದದ್ದು ನಿಜ. ಅವರಲ್ಲಿ ಸಿರಿವಂತ ಮೊದಲಿಯಾರರೂ ಇದ್ದರು, ಊರಿನಲ್ಲಿ ನೆಲವೇ ಇಲ್ಲದ ಪರೈಯರೂ ಇದ್ದರು. ಆ ಎರಡನೆಯವರಿಗೆ ಸೈನ್ಯದ ಸಂಬಳ ಎಂದರೆ ಜೀತದಿಂದ ಬಿಡುಗಡೆ. ಹುಟ್ಟಿದೂರಿನಲ್ಲಿ ಚಪ್ಪಲಿ ಹಾಕಿ ನಡೆಯಲಾಗದವನು ಇಲ್ಲಿ ಬೂಟು ಹಾಕಿದ. ನಾನು ಸೇನಾ ನೆಲೆಯನ್ನು ವಿರೋಧಿಸಿ ಬರೆಯುತ್ತಿದ್ದರೂ ಇದನ್ನು ಮುಚ್ಚಿಟ್ಟರೆ ಅಪ್ರಾಮಾಣಿಕಳಾಗುತ್ತೇನೆ. ಆದರೆ ಆ ಬಿಡುಗಡೆಯನ್ನು ಬ್ರಿಟಿಷರ ಔದಾರ್ಯದ ಲೆಕ್ಕಕ್ಕೆ ಬರೆಯಬೇಡಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ 'ವೀರ ಜನಾಂಗ'ಗಳ ಸಿದ್ಧಾಂತ ಬಂದಾಗ ಇದೇ ಸೈನ್ಯ ಉತ್ತರದವರಿಗೆ ಮಣೆ ಹಾಕಿ, ದಕ್ಷಿಣದ ಇವರ ಪಾಲಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಬಂದವರು ಇಲ್ಲಿಯೇ ಉಳಿದರು, ಊರು ಕಟ್ಟಿದರು. ನೆಲೆಯನ್ನು ದೂರುವ ಬದಲು ನೆಲೆಗೆ ದುಡಿದವರನ್ನು ದೂರುವುದು ಹೇಡಿತನ.

ಇನ್ನು ನಾನಿರುವ ಹೊರವಲಯಕ್ಕೆ ಬರುತ್ತೇನೆ. ದಂಡು ಎಂದರೆ ಎಂ.ಜಿ. ರಸ್ತೆ, ಫ್ರೇಜರ್ ಟೌನ್ ಎಂದು ನಾವು ಅಂದುಕೊಳ್ಳುತ್ತೇವೆ. ಈ ಐಟಿ, ಕೈಗಾರಿಕಾ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ. ವೈಟ್‌ಫೀಲ್ಡ್ ಹುಟ್ಟಿದ್ದೇ ಆ ವ್ಯವಸ್ಥೆಯ ಮಡಿಲಿನಲ್ಲಿ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು. ಡಿ.ಎಸ್. ವೈಟ್ ಅದರ ಮುಂದಾಳು. ಸಾಮ್ರಾಜ್ಯ ಹುಟ್ಟಿಸಿ, ತನ್ನವರೆಂದು ಪೂರ್ತಿ ಒಪ್ಪಿಕೊಳ್ಳದ ಜನಕ್ಕೆ ನೆಲ ಕೊಡುವ ಹೊಣೆ ಕೊನೆಗೆ ಬಂದದ್ದು ಮೈಸೂರಿನ ಮೇಲೆ.

ಮಾರತ್ತಹಳ್ಳಿ ಕಡೆಯಿಂದ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಬಸ್ಸು ಹಿಡಿದರೆ ಎಚ್‌ಎಎಲ್ ಗೋಡೆ ಮುಗಿಯುವುದೇ ಇಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಸೇರಿ ಕಟ್ಟಿದ ಕಾರ್ಖಾನೆ. 1942ರಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರ ಅದನ್ನು ಕೈಗೆ ತೆಗೆದುಕೊಂಡಿತು. 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಗೆ ಒಪ್ಪಿಸಿತು. ಅದು ಅವರ 84ನೇ ಏರ್ ಡಿಪೊ ಆಯಿತು. ಚೀನಾ, ಬರ್ಮಾ ರಣರಂಗದ ವಿಮಾನಗಳು ಇಲ್ಲಿ ದುರಸ್ತಿಯಾದವು, ಯುದ್ಧ ಮುಗಿಯುವ ತನಕ. ಅಂದರೆ ಈ ಊರಿನಲ್ಲಿ ಒಂದು ಅಮೆರಿಕನ್ ನೆಲೆಯೂ ಇತ್ತು! ಊರಿನ ಇನ್ನೊಂದು ತುದಿಯಲ್ಲಿ, ಇಂದು ಪೀಣ್ಯದ ಕಾರ್ಖಾನೆಗಳಿಗೆ ಹೊಂದಿಕೊಂಡ ಜಾಲಹಳ್ಳಿಯಲ್ಲಿ, ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರ ಶಿಬಿರಗಳಿದ್ದವು. ಅದೇ ಜಾಲಹಳ್ಳಿಗೆ ಆಮೇಲೆ ಎಚ್‌ಎಂಟಿ, ಬಿಇಎಲ್ ಬಂದವು, ವಾಯುಪಡೆ ಬಂತು. ನನ್ನ ಪಿಜಿಯಲ್ಲಿ ಮೂವರು ವಿಮಾನದ ಎಂಜಿನ್ನಿಗೆ ಸಂಬಂಧಿಸಿದ ಸಾಫ್ಟ್‌ವೇರ್ ಬರೆಯುತ್ತಾರೆ. ಅವರ ಕೆಲಸ ಆಕಾಶದಿಂದ ಬಿದ್ದದ್ದಲ್ಲ. ಅದರ ಬೇರು ಹುಡುಕಿದರೆ ಸೇನಾ ನೆಲೆಯೊಂದರ ವರ್ಕ್‌ಶಾಪ್ ಸಿಗುತ್ತದೆ. ಇದನ್ನು ಹೆಮ್ಮೆಯಿಂದ ಹೇಳಬೇಕೋ ನಾಚಿಕೆಯಿಂದ ಹೇಳಬೇಕೋ, ಅದು ಆಮೇಲಿನ ಮಾತು. ಮೊದಲು ಹೇಳಬೇಕು.

ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. ನಮ್ಮದೇ ಹಿಂದೂ ಮಹಾಸಾಗರದಲ್ಲಿ ಡಿಯೆಗೊ ಗಾರ್ಸಿಯಾ ಇದೆ. ಅಮೆರಿಕದ ನೆಲೆಗಾಗಿ 1968ರಿಂದ 1973ರ ನಡುವೆ ಬ್ರಿಟನ್ ಚಾಗೋಸ್ ದ್ವೀಪಗಳ ಜನರನ್ನು ಒಕ್ಕಲೆಬ್ಬಿಸಿತು. ಆ ಜನ ಬಡವರು, ಸಂಖ್ಯೆಯಲ್ಲಿ ಎರಡು ಸಾವಿರದ ಒಳಗೆ-ಹೊರಗೆ. ಆದರೆ ಮರೆಯಲಿಲ್ಲ. ಕೋರ್ಟುಗಳಿಗೆ ಹೋದರು, ಹೋರಾಡಿದರು. 2019ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ, ಬ್ರಿಟನ್ ಅಲ್ಲಿನ ಆಡಳಿತವನ್ನು ಕೊನೆಗೊಳಿಸಬೇಕು ಎಂದು ಅಭಿಪ್ರಾಯ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಸಹಿಯಾದ ಒಪ್ಪಂದದಲ್ಲಿ, ನೆಲೆಯನ್ನು ಉಳಿಸಿಕೊಳ್ಳಲು ಬ್ರಿಟನ್ ಮಾರಿಷಸ್‌ಗೆ ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್ ಕೊಡುವ ಮಾತಿದೆ. ಚಾಗೋಸ್‌ನವರಲ್ಲೇ ಹಲವರಿಗೆ ಆ ಒಪ್ಪಂದ ಸರಿಬಂದಿಲ್ಲ, ತಮ್ಮನ್ನು ಕೇಳಲಿಲ್ಲ ಎಂಬ ದೂರಿದೆ. ಆದರೂ ನೋಡಿ, ಅಲ್ಲಿ ನೆಲೆ ಇಟ್ಟವರು ಬಾಡಿಗೆ ಕೊಡುವ ಮಾತಾಡುತ್ತಿದ್ದಾರೆ. ಇಲ್ಲಿ ನೆಲವನ್ನೂ ಬಿಟ್ಟು, ಬಾಡಿಗೆಯನ್ನೂ ನಾವೇ ಕೊಟ್ಟೆವು. 1927ರಲ್ಲಿ ವೈಸ್‌ರಾಯ್ ಇರ್ವಿನ್ ಆ 10.5 ಲಕ್ಷವನ್ನು ಬಿಟ್ಟುಕೊಟ್ಟಾಗ ಅದನ್ನು ದೊಡ್ಡ ಉಪಕಾರವೆಂದು ಸ್ವೀಕರಿಸಿದೆವು.

1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು, ದಂಡು ಪ್ರದೇಶ ಮೈಸೂರಿಗೆ ಮರಳಿತು. ಇದು ಬೆಂಗಳೂರಿನ ಪಾಲಿಗೆ ಸಣ್ಣ ದಿನವಲ್ಲ. 138 ವರ್ಷದ ಮೇಲೆ ಒಂದು ವಿದೇಶಿ ನೆಲೆ ನೆಲ ಬಿಟ್ಟುಕೊಟ್ಟ ದಿನ. 1949ರಲ್ಲಿ ಎರಡೂ ಊರು ಸೇರಿ ಒಂದೇ ಕಾರ್ಪೊರೇಷನ್ ಆಯಿತು. ನಾನು ಪಾಠ ಮಾಡುವ ಬಿ.ಎ. ತರಗತಿಯಲ್ಲಿ ಈ ಜುಲೈ 26ರ ಬಗ್ಗೆ ಕೇಳಿದೆ. ಕಾರ್ಗಿಲ್ ವಿಜಯ ದಿನ ಎಂದರು, ಅದು ಸರಿ. ಇನ್ನೊಂದು ಉತ್ತರ ಯಾರಿಗೂ ಗೊತ್ತಿರಲಿಲ್ಲ. ಚರ್ಚಿಲ್‌ನ 13 ರೂಪಾಯಿ ಮಾತ್ರ ಹನ್ನೊಂದು ಜನರಿಗೆ ಗೊತ್ತಿತ್ತು.

ತಪ್ಪು ಮಕ್ಕಳದಲ್ಲ. ಈ ಇತಿಹಾಸದ ಕಾಗದ ಲಂಡನ್ನಿನಲ್ಲೂ ದೆಹಲಿಯಲ್ಲೂ ಇಂಗ್ಲಿಷಿನಲ್ಲಿದೆ. ಎರಡು ಬೆಂಗಳೂರುಗಳ ಬಗ್ಗೆ ಜಾನಕಿ ನಾಯರ್ ಅಂಥವರು ಬರೆದ ಗಂಭೀರ ಪುಸ್ತಕಗಳೂ ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಉಳಿದಿರುವುದು ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ಕಥೆ. ಇತಿಹಾಸ ವಿಭಾಗಗಳಲ್ಲಿರುವ ನಾವು ಪ್ರಬಂಧ ಬರೆದು, ಪದವಿ ಪಡೆದು ಸುಮ್ಮನಾಗುತ್ತೇವೆ. ನಡಿಗೆ ನಡೆಸುವ ಹುಡುಗನಿಗೆ ಯಾರಾದರೂ ಆ 35 ಲಕ್ಷದ ಲೆಕ್ಕವನ್ನು ಕನ್ನಡದಲ್ಲಿ ಕೈಗಿಟ್ಟಿದ್ದರೆ ಅವನು ಹೇಳುತ್ತಿರಲಿಲ್ಲವೇ? ಅವನನ್ನು ಬೈಯುವ ಮೊದಲು ನನ್ನನ್ನು ನಾನು ಬೈದುಕೊಳ್ಳಬೇಕು.

ಆದ್ದರಿಂದ ನಾನು ಕೇಳುವುದು ಪ್ರತಿಮೆಯನ್ನಲ್ಲ, ಹೆಸರು ಬದಲಾವಣೆಯನ್ನೂ ಅಲ್ಲ. 1799ರ, 1881ರ ಒಪ್ಪಂದಗಳು ಟಿಪ್ಪಣಿಯೊಂದಿಗೆ ಕನ್ನಡದಲ್ಲಿ ಬರಲಿ. ಜುಲೈ 26ಕ್ಕೆ ನಮ್ಮ ಕಾಲೇಜುಗಳಲ್ಲಿ ಒಂದು ಗಂಟೆಯ ಪಾಠವಾಗಲಿ. ಹಡ್ಸನ್ ವೃತ್ತದಲ್ಲಿ ಒಂದು ಫಲಕ ಬರಲಿ: ಇಲ್ಲಿ ಏನಿತ್ತು, ಯಾಕೆ ಕೆಡವಿದೆವು, ಎರಡೂ ಕಡೆ ಸತ್ತವರು ಯಾರು. ಎಚ್‌ಎಎಲ್ ಗೋಡೆಯ ಪಕ್ಕದ ಬಸ್ ನಿಲ್ದಾಣದಲ್ಲಿ ಇನ್ನೊಂದು ಬರಲಿ. ದಂಡು ರೈಲು ನಿಲ್ದಾಣದ ಗೋಡೆಯ ಮೇಲೆ ಆ ಹಣದ ಲೆಕ್ಕ ವರ್ಷವಾರು ಬರೆದಿರಲಿ, ರೈಲು ತಡವಾದಾಗ ಜನ ಓದಿಕೊಳ್ಳಲಿ.

ಮುಂದಿನ ಭಾನುವಾರ ಅದೇ ನಡಿಗೆಗೆ ಮತ್ತೆ ಹೋಗುತ್ತಿದ್ದೇನೆ. ಆ ಹುಡುಗನಿಗೆ ಫೋನ್ ಮಾಡಿದ್ದೆ, ಚರ್ಚಿಲ್ ಕಥೆ ಮುಗಿದ ಮೇಲೆ ಐದು ನಿಮಿಷ ಕೊಡುತ್ತಾನಂತೆ. ಅಜ್ಜಿಯ ಹುರುಳಿಯಿಂದ ಶುರು ಮಾಡಬೇಕೆಂದಿದ್ದೇನೆ.